ಒಂದೇ ಕೈಯ ಪುಟ

ನನ್ನ ಹೆಂಡತಿ ತೀರಿಕೊಂಡು ಐದು ತಿಂಗಳಾಗಿತ್ತು. ಒಂದು ಸಂಜೆ ಸೊಸೆ ಕೆಲಸದಿಂದ ಬಂದವಳು ಹೆಗಲ ಚೀಲವನ್ನೂ ಇಳಿಸದೆ ನನ್ನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು.

“ಮಾವ, ನಿಮ್ಮಿಂದ ಒಂದು ಕೆಲಸ ಆಗ್ಬೇಕಿತ್ತಲ್ಲ.”

“ನನ್ನಿಂದ ಆಗೋ ಕೆಲಸ ಇನ್ನೇನು ಉಳಿದಿದೆ ತಾಯಿ?”

“ಏನೂ ಗೊತ್ತಿಲ್ಲದವರೇ ಮಾಡ್ಬೇಕಾದ ಕೆಲಸ ಇದು.”

“ಹಾಗಾದ್ರೆ ಸರಿಯಾದ ಮನೆ ಬಾಗಿಲಿಗೇ ಬಂದಿದ್ದೀಯ,” ಎಂದೆ.

ಅವಳು ಚೀಲದಿಂದ ಒಂದು ಫೋನು ತೆಗೆದು ಮೇಜಿನ ಮೇಲಿಟ್ಟಳು. ಗುಂಡಿಗಳೇ ಇಲ್ಲದ, ಗಾಜಿನ ಮೇಲೆ ಬೆರಳಾಡಿಸುವ ಫೋನುಗಳು ಆಗಷ್ಟೇ ಬಂದಿದ್ದ ಕಾಲ ಅದು. ಅಂಥದನ್ನು ನಾನು ದೊಡ್ಡ ಡಾಕ್ಟರೊಬ್ಬರ ಕೈಯಲ್ಲಿ ದೂರದಿಂದ ನೋಡಿದ್ದೆನೇ ಹೊರತು ಮುಟ್ಟಿರಲಿಲ್ಲ. ಇದು ಅವಳದಲ್ಲ, ಕಚೇರಿಯದು. ಅಲ್ಲಿನ ನಾಲ್ಕು ಜನಕ್ಕೂ ಸೇರಿ ಇದ್ದದ್ದು ಇದೊಂದೇ.

ಅವಳ ಕಚೇರಿ ಔಷಧಿ ಅಂಗಡಿಯೊಂದರ ಮಹಡಿಯ ಮೇಲಿತ್ತು. ಕಂಪ್ಯೂಟರಿನಲ್ಲಿ ನೋಡಲೆಂದು ಮಾಡಿದ ವೆಬ್‌ಸೈಟುಗಳನ್ನು ಅಂಗೈಯಗಲದ ಗಾಜಿಗೆ ಹೊಂದುವಂತೆ ಮತ್ತೆ ಮಾಡಿಕೊಡುವುದು ಅವರ ಕೆಲಸ. ನಾನು ಮೂವತ್ತೆಂಟು ವರ್ಷ ಪುಸ್ತಕ ಕಟ್ಟಿದವನು. “ಅಂದರೆ ದೊಡ್ಡ ಹಾಳೆ ಮಡಚಿ ಚಿಕ್ಕ ಪುಸ್ತಕ ಮಾಡಿದ ಹಾಗೆ,” ಎಂದೆ. “ಮಡಚಿದ್ರೆ ಆಗಲ್ಲ ಮಾವ, ಹೊಸದಾಗೇ ಜೋಡಿಸ್ಬೇಕು. ಜೋಡಿಸಿದವರಿಗೆ ಯಾವುದು ಎಲ್ಲಿದೆ ಅಂತ ಗೊತ್ತಿರುತ್ತೆ, ಅದಕ್ಕೇ ಅವರು ತಪ್ಪು ಮಾಡೋದೇ ಇಲ್ಲ. ತಪ್ಪು ಮಾಡೋರು ಬೇಕು,” ಎಂದಳು. ಅವಳ ಕಚೇರಿಯ ಯಜಮಾನರಿಗೆ ಎಲ್ಲವೂ ನಾಳೆಗೇ ಆಗಬೇಕು. ಕಚೇರಿಯವರು ಅವರಿಗೆ ಬೆನ್ನ ಹಿಂದೆ ಇಟ್ಟಿದ್ದ ಹೆಸರು ನಾಳೆ ಸಾಹೇಬರು.

ನನ್ನನ್ನು ಕುರ್ಚಿಯಿಂದ ಎಬ್ಬಿಸಲು ಅವಳು ಹೂಡಿದ ಉಪಾಯ ಇದೆಂದು ನನಗೆ ತಿಳಿಯದೆ ಇರಲಿಲ್ಲ. ಆ ಐದು ತಿಂಗಳು ನಾನು ಬೆಳಗ್ಗೆ ಎದ್ದು ದೇವರಿಗೆ ಕೈ ಮುಗಿದು ಆ ಕುರ್ಚಿಯಲ್ಲಿ ಕೂತರೆ, ಊಟಕ್ಕೆ ಕರೆದಾಗಲೇ ಏಳುತ್ತಿದ್ದದ್ದು. ಪ್ರಾರ್ಥನೆಯನ್ನು ನಾನೂ ನನ್ನವಳೂ ಸೇರಿ ಹೇಳಿಕೊಂಡು ಬಂದವರು. ಮೊದಲ ಸಾಲು ಅವಳು ಎತ್ತಿಕೊಳ್ಳಬೇಕು, ನಾನು ದನಿಗೂಡಿಸಬೇಕು. ಈಗ ಮೊದಲ ಸಾಲು ಎತ್ತಿಕೊಳ್ಳುವವರಿಲ್ಲದೆ ನಾನು ಎರಡನೆಯ ಸಾಲಿನಿಂದಲೇ ಶುರುಮಾಡುತ್ತಿದ್ದೆ.

ಫೋನನ್ನು ಕೈಗೆ ತೆಗೆದುಕೊಂಡು ಸೊಸೆ ಹೇಳಿದಲ್ಲಿ ಬೆರಳಿಟ್ಟೆ. ಏನೂ ಆಗಲಿಲ್ಲ. ಇನ್ನೂ ಬಲವಾಗಿ ಒತ್ತಿದೆ. ಆಗಲೂ ಇಲ್ಲ.

ಮಗ ಬಟ್ಟೆ ಬದಲಿಸಿಕೊಂಡು ಬಂದು ಹಿಂದೆ ನಿಂತು ನೋಡುತ್ತಿದ್ದ. ಅವನು ಮನೆಗಳಿಗೆ ಕರೆಂಟಿನ ತಂತಿ ಎಳೆಯುವ ಕೆಲಸದವನು.

“ಅಪ್ಪನ ಬೆರಳು ಮನುಷ್ಯರದ್ದು ಅಂತ ಅದಕ್ಕೆ ಅನ್ನಿಸ್ತಿಲ್ಲ ಕಣೇ,” ಎಂದ.

“ಸುಮ್ನಿರಿ ನೀವು.”

“ನಿಜ ಹೇಳ್ತಿದೀನಿ. ಅದು ಚರ್ಮದ ಕರೆಂಟು ನೋಡಿ ಕೆಲಸ ಮಾಡೋದು. ಆ ಚರ್ಮ ನೋಡು, ಚಪ್ಪಲಿ ಅಟ್ಟೆ ಥರ ಇದೆ. ಇಂಥ ಬೆರಳು ನನಗಿದ್ದಿದ್ರೆ ಕೆಲಸಕ್ಕೆ ರಬ್ಬರ್ ಗ್ಲೌಸೇ ಬೇಕಿರಲಿಲ್ಲ.”

ಅವನ ಮಾತು ಸರಿಯಾಗಿತ್ತು. ಮೇಣ ಹಚ್ಚಿದ ದಾರವನ್ನು ಅಷ್ಟು ವರ್ಷ ಎಳೆದೆಳೆದು ನನ್ನ ಬಲಗೈಯ ಹೆಬ್ಬೆರಳೂ ತೋರುಬೆರಳೂ ಜಡ್ಡುಗಟ್ಟಿಹೋಗಿದ್ದವು. ಎಡಗೈಯ ಬೆರಳಿಟ್ಟ ಕೂಡಲೇ ಗಾಜು ತಟ್ಟನೆ ಎಚ್ಚರಗೊಂಡಿತು.

ಮೊದಲ ಎರಡು ಸಂಜೆ ಆಟದಲ್ಲೇ ಕಳೆದವು. ಆ್ಯಪ್ ಎಂದರೆ ಏನೆಂದು ನನಗೆ ತಿಳಿಯಲಿ ಎಂದು ಸೊಸೆ ಒಂದೊಂದನ್ನೇ ತೆಗೆದು ಕೊಟ್ಟಳು. ಒಂದು ಆ್ಯಪ್ ಫೋನನ್ನೇ ಟಾರ್ಚು ಮಾಡಿತು. ಒಂದು ಹೊರಗೆ ಮಳೆ ಬರುತ್ತಿದೆ ಎಂದಿತು. ಕಿಟಕಿಯಲ್ಲಿ ನೋಡಿದರೆ ಎದುರು ಮನೆಯವರ ಬಟ್ಟೆ ಸಂಜೆ ಬಿಸಿಲಲ್ಲಿ ಗಾಳಿಗೆ ಬಡಿದಾಡುತ್ತಿತ್ತು. ಇನ್ನೊಂದು ದಿನಕ್ಕೊಂದು ಪ್ರಾರ್ಥನೆ ತೋರಿಸುವುದು. ಭಕ್ತಿಯಿಂದ ಓದಿ ಕೆಳಗೆ ಬಂದರೆ ಹಲ್ಲುಪುಡಿಯ ಜಾಹೀರಾತು. ಸೊಸೆ ನಾಚಿಕೊಂಡು ಅದನ್ನು ಮುಚ್ಚಲು ಹೋದಳು.

“ಇರಲಿ ಬಿಡು,” ಎಂದೆ. “ಹಲ್ಲುಜ್ಜಿಕೊಂಡು ಬಾ, ಆಮೇಲೆ ಕೈ ಮುಗಿ ಅಂತ ಹೇಳ್ತಿದೆ. ತಪ್ಪೇನಿಲ್ಲ.”

ಮತ್ತೊಂದು ಆ್ಯಪ್ ಗಾರೆಯವರ ಮಟ್ಟಗೋಲಿನ ಹಾಗೆ. ಫೋನನ್ನು ಅಡ್ಡಲಾಗಿ ಇಟ್ಟರೆ ಹಸಿರು ನೀರಿನಲ್ಲಿ ಒಂದು ಗುಳ್ಳೆ ಓಡಾಡುತ್ತದೆ. ಊಟದ ಮೇಜಿನ ಮೇಲಿಟ್ಟೆವು. ಗುಳ್ಳೆ ಬಾಗಿಲ ಕಡೆಗೆ ಓಡಿ ನಿಂತಿತು. ಮೇಜು ವಾಲಿದೆ ಎಂದು ನನ್ನವಳು ಇಪ್ಪತ್ತು ವರ್ಷದಿಂದ ಹೇಳುತ್ತಲೇ ಇದ್ದಳು. ವಾಲಿರುವುದು ನಿನ್ನ ಕಣ್ಣು ಎಂದು ನಾನು ವಾದಿಸುತ್ತಲೇ ಇದ್ದೆ. ಎದ್ದು ಹೋಗಿ ರಟ್ಟಿನ ಚೂರೊಂದನ್ನು ಕತ್ತರಿಸಿ ತಂದು ಬಾಗಿಲಿಗೆ ಎದುರು ಕಡೆಯ ಕಾಲಿಗೆ ಒತ್ತುಕೊಟ್ಟೆ. ಗುಳ್ಳೆ ನಡುವಿಗೆ ಬಂತು. ಅಷ್ಟು ತಿಂಗಳ ಮೇಲೆ ನಾನಾಗಿ ಕುರ್ಚಿ ಬಿಟ್ಟು ಎದ್ದದ್ದು ಅದೇ ಮೊದಲೆಂದು ಆಮೇಲೆ ಹೊಳೆಯಿತು.

ಮೂರನೆಯ ಸಂಜೆಯಿಂದ ಪುಟಗಳ ಪರೀಕ್ಷೆ. ಹಳೆಯ ಬಗೆಯ ಪುಟವೊಂದನ್ನು ಮೊದಲು ತೋರಿಸಿದಳು. ಇಡೀ ವೃತ್ತಪತ್ರಿಕೆಯನ್ನು ಅಂಚೆಚೀಟಿಯ ಮೇಲೆ ಅಚ್ಚು ಹಾಕಿದಂತಿತ್ತು. ಇರುವೆ ಸಾಲನ್ನು ಓದಿದಂತೆ ಓದಬೇಕು. ಆಮೇಲೆ ಅವರೇ ಮಾಡಿದ, ಗ್ರಂಥಾಲಯವೊಂದರ ಪುಟ. ಅಕ್ಷರ ದಪ್ಪಗಿತ್ತು, ಸಾಲು ಗಿಡ್ಡಗಿತ್ತು. ಆ ಫೋನಿಗೆ ನಮ್ಮ ಲಿಪಿ ಬರುತ್ತಿರಲಿಲ್ಲ, ಬರೀ ಚೌಕಗಳನ್ನು ತೋರಿಸುತ್ತಿತ್ತು. ಅದಕ್ಕಾಗಿ ಅವರು ಒಂದೊಂದು ಪದವನ್ನೂ ಚಿತ್ರ ಮಾಡಿ ಅಂಟಿಸಿದ್ದರು. ಆ ತಾಳ್ಮೆ ಕಂಡು ನನಗೆ ಅವರ ಮೇಲೆ ಗೌರವ ಬಂತು.

“ಈಗ ಎಲ್ಲಿ ಒತ್ತಲಿ?”

“ಹೇಳೋ ಹಾಗಿಲ್ಲ ಮಾವ.” ಅವಳು ನೋಟುಪುಸ್ತಕ ಬಿಡಿಸಿಕೊಂಡು ಪಕ್ಕದಲ್ಲಿ ಕೂತಿದ್ದಳು.

“ಈ ವಯಸ್ಸಿನಲ್ಲಿ ನನಗೆ ಪರೀಕ್ಷೆ ಇಡ್ತೀಯಾ?”

“ನಿಮಗಲ್ಲ, ಪುಟಕ್ಕೆ. ನೀವು ಎಡವಿದ್ರೆ ಆ ಕಲ್ಲು ನಾವಿಟ್ಟಿದ್ದು ಅಂತ ಅರ್ಥ.”

ನಾನು ಎಡವಿದ್ದೇ ಎಡವಿದ್ದು. ಬಲಗೈಯ ನಡುಬೆರಳಿನಿಂದ ಪುಟವನ್ನು ಮೇಲೆ ಸರಿಸಲು ಹೋದರೆ ಅದು ಸರಿಯುವ ಬದಲು ಬಲೂನಿನಂತೆ ಉಬ್ಬುತ್ತಿತ್ತು, ಇಲ್ಲವೇ ಕುಗ್ಗಿ ಕಾಳಿನಷ್ಟಾಗುತ್ತಿತ್ತು. ಸೊಸೆ ಮುಟ್ಟಿದರೆ ನೆಟ್ಟಗೆ ಸರಿಯುತ್ತಿತ್ತು. ಎರಡು ದಿನ ಕಚೇರಿಯ ನಾಲ್ವರೂ ಪುಟದಲ್ಲೇ ದೋಷವಿದೆಯೆಂದು ತಲೆ ಕೆರೆದುಕೊಂಡರಂತೆ. ಮೂರನೆಯ ದಿನ ಅವಳು ಗಾಜು ನೋಡುವುದನ್ನು ಬಿಟ್ಟು ನನ್ನ ಕೈ ನೋಡಿದಳು.

“ಮಾವ, ನಿಮ್ಮ ಎಡಗೈ ಹೆಬ್ಬೆರಳು ಅಲ್ಲೇನು ಮಾಡ್ತಿದೆ?”

ಅದು ಗಾಜಿನ ಅಂಚಿನ ಮೇಲೆ ಮಲಗಿತ್ತು. ಪುಸ್ತಕ ಹಿಡಿಯುವ ಯಾರೇ ಆಗಲಿ, ಹಾಳೆ ಮಗುಚದಂತೆ ಅಂಚಿನ ಖಾಲಿ ಜಾಗದಲ್ಲಿ ಹೆಬ್ಬೆರಳಿಡುತ್ತಾರೆ. ಪುಸ್ತಕ ಕಟ್ಟಿದವನು ಕೇಳಬೇಕೆ? ಆ ಫೋನಿಗೆ ಅಂಚೆಂಬುದೇ ಇಲ್ಲ. ಎರಡು ಬೆರಳು ಒಟ್ಟಿಗೆ ತಾಗಿದರೆ ಹಿಗ್ಗಿಸು ಕುಗ್ಗಿಸು ಎಂದು ಅದು ತಿಳಿದುಕೊಳ್ಳುತ್ತದೆ. ಅವಳು ಇದನ್ನು ವಿವರಿಸುತ್ತಾ ವಿವರಿಸುತ್ತಾ ನಗಲು ಶುರುಮಾಡಿದಳು. ನನಗೂ ತಡೆಯಲಾಗಲಿಲ್ಲ. ಮಗ ಕೋಣೆಯಿಂದ ಇಣುಕಿ, ಇಬ್ಬರೂ ನಗುತ್ತಿದ್ದೇವೆಂದು ನೋಡಿ, ಏನೂ ಕೇಳದೆ ಒಳಗೆ ಹೋದ. ಸೊಸೆ ಪುಟ ಹಿಗ್ಗದಂತೆ ಕಟ್ಟುಹಾಕಿದಳು. ನೋಟುಪುಸ್ತಕದಲ್ಲಿ ‘ಫೋನು ಹಿಡಿದ ಕೈಯ ಹೆಬ್ಬೆರಳು ಎಲ್ಲಿರುತ್ತದೆ, ನೋಡಬೇಕು’ ಎಂದು ಬರೆದು ಕೆಳಗೆ ಗೆರೆ ಎಳೆದಳು.

ಮುಂದಿನ ಶನಿವಾರ ಅವಳು ಫೋನನ್ನು ಕೊಡುವ ಮೊದಲು ಸ್ವಲ್ಪ ಹೊತ್ತು ಕೈಯಲ್ಲೇ ಇಟ್ಟುಕೊಂಡಳು.

“ಇವತ್ತಿನದು ಬೇಡ ಅನ್ನಿಸಿದ್ರೆ ಬೇಡ ಅಂದ್ಬಿಡಿ. ನನಗೇನೂ ಬೇಜಾರಿಲ್ಲ.”

ನೋಡಿದೆ. ಡಯಾಲಿಸಿಸ್ ಕೇಂದ್ರದ ಪುಟ. ನನ್ನವಳನ್ನು ಮೂರು ವರ್ಷ, ವಾರಕ್ಕೆ ಎರಡು ಸಲ, ನಾನೇ ಕರೆದುಕೊಂಡು ಹೋಗುತ್ತಿದ್ದ ಜಾಗ. ಮೇಲೆ ಆ ಹಜಾರದ ಚಿತ್ರವೂ ಇತ್ತು: ಎರಡು ಸಾಲು ಮಂಚ, ಒಂದೊಂದರ ಪಕ್ಕ ಒಂದೊಂದು ಯಂತ್ರ.

ಮುಂದಿನ ವಾರದ ಪಾಳಿಯನ್ನು ಮನೆಯವರು ಫೋನಿನಲ್ಲೇ ಗೊತ್ತುಮಾಡಿಕೊಳ್ಳುವಂತೆ ಆಗಬೇಕೆಂದು ಕೇಂದ್ರದವರು ಕೇಳಿದ್ದರಂತೆ. ಮುಂದಿನ ಶುಕ್ರವಾರ ಅಲ್ಲಿನ ಮುಖ್ಯ ಡಾಕ್ಟರ ಮುಂದೆ ತೋರಿಸಬೇಕು. ಅವರಿಗೆ ಒಪ್ಪಿಗೆಯಾದರೆ ಸರಿ. ಇಲ್ಲವಾದರೆ ಹಿಂದಿನಂತೆ ಕಿಂಡಿಯ ಮುಂದೆ ನಿಂತು ಚೀಟಿ ಪಡೆಯುವುದೇ ಮುಂದುವರಿಯುತ್ತದೆ.

ಮೇಜಿನ ಮುಂದೆ ಕೂತು ಮಾಡಿ ನೋಡಿದೆ. ಹೆಸರು, ಕಡತದ ನಂಬರು, ವಾರ, ಪಾಳಿ, ಜೊತೆಗೆ ಬರುವವರ ಹೆಸರು, ಫೋನ್ ನಂಬರು. ಎಲ್ಲ ತುಂಬಿದ ಮೇಲೆ ಬಲಗಡೆ ಮೇಲಿನ ಮೂಲೆಯ ಹಸಿರು ಗುಂಡಿ. ಎಲ್ಲೂ ಎಡವಲಿಲ್ಲ.

“ಚೆನ್ನಾಗಿದೆ,” ಎಂದೆ.

ಸೊಸೆಗೆ ಖುಷಿಯಾಯಿತು. ನಾಳೆ ಸಾಹೇಬರಿಗೆ ಆಗಲೇ ಫೋನು ಮಾಡಿ ಹೇಳಿಬಿಟ್ಟಳು.

ಮಾರನೆಯ ಬೆಳಗ್ಗೆ ಪ್ರಾರ್ಥನೆಗೆ ಕೂತರೆ ಎರಡನೆಯ ಸಾಲೂ ಬಾಯಿಗೆ ಬರಲಿಲ್ಲ. ದೇವರ ಮುಂದೆ ಕೂತು ಸುಳ್ಳು ಮುಚ್ಚಿಡಲು ನನಗೆ ಯಾವತ್ತೂ ಆಗಿಲ್ಲ. ಎದ್ದು ಅಡುಗೆಮನೆಗೆ ಹೋದೆ. ಭಾನುವಾರವಾದ್ದರಿಂದ ಸೊಸೆ ನಿಧಾನವಾಗಿ ಪಾತ್ರೆ ಒರೆಸುತ್ತಿದ್ದಳು.

“ನಿನ್ನೆ ಚೆನ್ನಾಗಿದೆ ಅಂದೆನಲ್ಲ, ಅದು ಸುಳ್ಳು. ಅಲ್ಲಿ ಅದು ನಡೆಯಲ್ಲ.”

ಅವಳು ಬಟ್ಟೆ ಕೆಳಗಿಟ್ಟಳು.

ನಾನು ಅಲ್ಲಿನ ಕ್ರಮ ಹೇಳಿದೆ. ಬೆಳಗಿನ ಪಾಳಿಯವರಿಗೆ ಹನ್ನೆರಡಕ್ಕೆ ಸೂಜಿ ತೆಗೆಯುತ್ತಾರೆ. ತೆಗೆದ ಜಾಗವನ್ನು ಹತ್ತು ನಿಮಿಷ ಹತ್ತಿಬಟ್ಟೆಯಿಟ್ಟು ಒತ್ತಿ ಹಿಡಿಯಬೇಕು. ಸಡಿಲವಾದರೆ ರಕ್ತ ಚಿಮ್ಮುತ್ತದೆ, ಬಿಗಿಯಾದರೆ ನಾಳವೇ ಕಟ್ಟಿಹೋಗುತ್ತದೆ. ಇಬ್ಬರೇ ಸಿಸ್ಟರುಗಳು, ಹನ್ನೆರಡು ಮಂಚ; ಆದ್ದರಿಂದ ಒತ್ತುವ ಕೆಲಸ ಜೊತೆಗೆ ಬಂದವರದು. ಚೀಟಿಯ ಕಿಂಡಿ ತೆರೆಯುವುದೂ ಸರಿಯಾಗಿ ಹನ್ನೆರಡಕ್ಕೇ. ಮೊದಲು ಹೋದವರಿಗೆ ಬೆಳಗಿನ ಪಾಳಿ. ತಡವಾದವರಿಗೆ ಸಂಜೆಯದು, ಅದು ಮುಗಿದು ಮನೆ ಮುಟ್ಟುವುದರಲ್ಲಿ ರೋಗಿಯ ಜೀವ ಹಿಂಡಿ ಹಿಪ್ಪೆಯಾಗಿರುತ್ತದೆ. ಹೆಬ್ಬೆರಳು ಕೈಯ ಮೇಲೆ, ಕಣ್ಣು ಕಿಂಡಿಯ ಮೇಲೆ. ಅಲ್ಲಿರುವವರೆಲ್ಲರ ಪಾಡೂ ಇದೇ.

“ಒಂದು ದಿನ ನಿಮ್ಮತ್ತೆಯ ಬಲಗೈ ಬೆರಳನ್ನೇ ಎತ್ತಿ ಹತ್ತಿಯ ಮೇಲಿಟ್ಟೆ. ಎರಡೇ ನಿಮಿಷ ಒತ್ತಿಕೊಂಡಿರು, ಬಂದೆ ಅಂತ ಓಡಿದೆ. ಸಾಲಲ್ಲಿ ಮೊದಲನೆಯವನು ನಾನೇ. ಸೋಮವಾರ ಬೆಳಗ್ಗೆ ಸಿಕ್ತು. ವಾಪಸ್ ಬಂದು ನೋಡಿದ್ರೆ...”

ಉಳಿದದ್ದನ್ನೂ ಹೇಳಿದೆ. ಅವಳ ಬೆರಳು ಜಾರಿತ್ತು. ಹಾಸಿಗೆಯೂ ನೆಲವೂ ಕೆಂಪಾಗಿತ್ತು. ಸಿಸ್ಟರು ಆಗಲೇ ಓಡಿಬಂದು ಒತ್ತಿ ಹಿಡಿದಿದ್ದಳು. ಸುಣ್ಣದಂತೆ ಬಿಳಿಚಿಕೊಂಡು ಮಲಗಿದ್ದ ನನ್ನವಳು ಕಣ್ಣು ಬಿಟ್ಟು ಕೇಳಿದ್ದು, “ಚೀಟಿ ಸಿಕ್ತಾ?” ಆಮೇಲೆ, “ಮನೇಲಿ ಹೇಳ್ಬೇಡಿ.”

ಅದರಿಂದ ಅವಳು ಸಾಯಲಿಲ್ಲ. ಅದಾದ ಮೇಲೆ ಒಂದು ವರ್ಷ ನಾಲ್ಕು ತಿಂಗಳು ಬದುಕಿದಳು. ದೇವರು ಕೊಟ್ಟ ಆ ದಿನಗಳನ್ನು ನಾನು ಮರೆಯಲಾರೆ. ಆದರೆ ಹಿಡಿದ ಕೈಯನ್ನು ನಾನು ಬಿಟ್ಟು ಹೋಗಿದ್ದೆ. ಭಗವಂತನಲ್ಲಿ ದಿನವೂ ಕ್ಷಮೆ ಕೇಳಿದ್ದೇನೆ, ಮನುಷ್ಯರಲ್ಲಿ ಯಾರ ಮುಂದೆಯೂ ಹೇಳಿರಲಿಲ್ಲ.

ಸೊಸೆ ತಲೆ ತಗ್ಗಿಸಿ ನಿಂತಿದ್ದವಳು ಮೆಲ್ಲಗೆ ಹೇಳಿದಳು.

“ನನಗೆ ಗೊತ್ತಿತ್ತು ಮಾವ. ಅತ್ತೆ ಹೇಳಿದ್ರು.”

“ಏನಂತ?”

“‘ನಿಮ್ಮ ಮಾವ ಚೀಟಿ ಹಿಡ್ಕೊಂಡು ಓಟದಲ್ಲಿ ಗೆದ್ದ ಮಗು ಥರ ಬಂದ್ರು ಕಣೇ. ನೆಲ ನೋಡಿದ ತಕ್ಷಣ ಆ ಮುಖ ಹೇಗಾಯ್ತು ಅಂದ್ರೆ, ರಕ್ತ ಹೋಗಿದ್ದಕ್ಕಿಂತ ನನಗೆ ಅದೇ ಸಂಕಟ’ ಅಂದ್ರು. ನನಗೆ ಹೇಳಿದ್ದು ನಿಮಗೆ ಗೊತ್ತಾಗ್ಬಾರದು ಅಂತಾನೂ ಅಂದ್ರು. ಆ ಕೇಂದ್ರದ ಕೆಲಸ ಬಂದಾಗ ನನಗೇ ಕೊಡಿ ಅಂತ ನಾನು ಕೇಳಿ ತಗೊಂಡಿದ್ದು ಅದಕ್ಕೇ. ಆದರೂ ಮೂರ್ಖಿ ನಾನು, ಕೂತು ಮಾಡೋರಿಗೆ ಅಂತಲೇ ಪುಟ ಕಟ್ಟಿದೀನಿ.”

ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಮುಖ ಒರೆಸಿಕೊಳ್ಳಲು ಅವಳು ಕೊಟ್ಟದ್ದು ಪಾತ್ರೆ ಒರೆಸುವ ಬಟ್ಟೆ. ಅದು ಇಬ್ಬರಿಗೂ ಆಮೇಲೆಯೇ ಗೊತ್ತಾದದ್ದು.

ಅವಳು ಅಲ್ಲೇ ನಿಲ್ಲುವವಳಲ್ಲ. ಕರವಸ್ತ್ರ ಮಡಚಿ ತನ್ನ ತೋಳಿನ ಮೇಲಿಟ್ಟುಕೊಂಡು, “ಒತ್ತಿ ಮಾವ. ಈಗ ಎಡಗೈಯಲ್ಲಿ ಫೋನು ಹಿಡಿದು ಪಾಳಿ ತಗೊಳ್ಳಿ,” ಎಂದಳು. ಮೊದಲ ಸಲ ಮೇಲಿನ ಮೂಲೆಯ ಗುಂಡಿ ಹೆಬ್ಬೆರಳಿಗೆ ಎಟುಕದೆ ಫೋನು ಅವಳ ಮಡಿಲಿಗೆ ಬಿತ್ತು. ಎರಡನೆಯ ಸಲ ಅಕ್ಷರ ಹುಡುಕಿ ಒತ್ತುವುದರಲ್ಲಿ ಎರಡು ನಿಮಿಷ ಮೀರಿ, ಪುಟ ನನ್ನನ್ನು ಹೊರಗೆ ಹಾಕಿ ಬರೆದದ್ದನ್ನೆಲ್ಲ ಅಳಿಸಿತು. ಮೂರನೆಯ ಸಲ ಗಾಜಿನ ಮೇಲೆ ಗಮನವಿಟ್ಟು ಒತ್ತುವುದನ್ನೇ ಮರೆತೆ. ಅವಳು ಸುಮ್ಮನೆ ತನ್ನ ತೋಳು ತೋರಿಸಿದಳು.

ನಾಳೆ ಸಾಹೇಬರು ಸಂಜೆ ಮನೆಗೇ ಬಂದರು. ಕಿವಿಯ ಮೇಲೆ ಪೆನ್ನು ಸಿಕ್ಕಿಸಿಕೊಂಡ, ಕೂತ ಕಡೆಯಲ್ಲೂ ಕಾಲು ಕುಣಿಸುವ ಮನುಷ್ಯ. ಶುಕ್ರವಾರಕ್ಕೆ ಐದೇ ದಿನ ಇರುವಾಗ ಎಲ್ಲ ಬಿಚ್ಚಿ ಕಟ್ಟಬೇಕೆಂದರೆ ಯಾರಿಗೆ ತಾನೇ ಹಿತವಾದೀತು.

“ಆರಾಮಾಗಿ ಕೂತು ಮಾಡೋರೇ ಹೆಚ್ಚು ಇರ್ತಾರೆ ಅಲ್ವಾ ಯಜಮಾನ್ರೇ?” ಎಂದರು.

“ಅಲ್ಲಿ ಆರಾಮಾಗಿ ಕೂತವರನ್ನು ಮೂರು ವರ್ಷದಲ್ಲಿ ನಾನು ನೋಡಿಲ್ಲ ಸ್ವಾಮಿ. ನೀವೇ ಒಂದು ಸಲ ಮಾಡಿ.”

ಮಗ ತೋಳು ಚಾಚಿದ. ಸಾಹೇಬರು ಒತ್ತಿದರು. ಮಗ, “ಸಾರ್, ರಕ್ತ ಬರ್ತಿದೆ,” ಎಂದಾಗ ಗಾಬರಿಯಾಗಿ ಫೋನು ಬಿಟ್ಟು ಎರಡೂ ಕೈಯಲ್ಲಿ ಅವನ ತೋಳು ಹಿಡಿದುಕೊಂಡರು. ಸೊಸೆ ಗೋಡೆ ಕಡೆ ತಿರುಗಿ ನಕ್ಕಳು. ಅವರು ಫೋನನ್ನು ಒರೆಸಿ ಮೇಜಿನ ಮೇಲಿಟ್ಟು, ಕಿವಿಯಿಂದ ಪೆನ್ನು ತೆಗೆದರು.

“ಸರಿ. ಒಂದೇ ಕೈಯಲ್ಲಿ ಆಗ್ಬೇಕು. ಯಾವಾಗ ಬೇಕು ಅಂತ ನಾನು ಹೇಳ್ಬೇಕಾಗಿಲ್ಲ.”

“ನಾಳೆಗೆ,” ಎಂದೆವು ಮೂವರೂ.

ನಾಲ್ಕು ದಿನ ಅವರು ಹೊಸದಾಗಿ ಜೋಡಿಸಿದರು. ಒಂದು ಸಲಕ್ಕೆ ಒಂದೇ ಪ್ರಶ್ನೆ. ಹೆಸರು, ನಂಬರು ಒಮ್ಮೆ ಮನೆಯಲ್ಲಿ ಬರೆದಿಟ್ಟರೆ ಸಾಕು, ಮತ್ತೆ ಕೇಳುವುದಿಲ್ಲ. ಉತ್ತರಗಳೆಲ್ಲ ಕೆಳಗೆ, ಹೆಬ್ಬೆರಳು ತಾನಾಗಿ ಬೀಳುವ ಕಡೆ. ನಡುವೆ ಬಿಟ್ಟು ರೋಗಿಯ ಕಡೆ ನೋಡಿದರೂ ಪುಟ ಬಿಟ್ಟಲ್ಲೇ ಕಾಯುತ್ತದೆ. ದಿನವೂ ಸಂಜೆ ನಾನು ಮಗನ ತೋಳು ಒತ್ತಿಕೊಂಡು ಮಾಡಿ ನೋಡುತ್ತಿದ್ದೆ. ಬುಧವಾರ ಹೆಬ್ಬೆರಳು ಜಾರಿ ‘ಸರಿ’ಯ ಪಕ್ಕದ ‘ಬೇಡ’ದ ಮೇಲೆ ಬಿತ್ತು. ಗುರುವಾರದ ಹೊತ್ತಿಗೆ ‘ಬೇಡ’ ದೂರ ಹೋಗಿ ಚಿಕ್ಕದಾಗಿ ಕೂತಿತ್ತು.

ಶುಕ್ರವಾರ ಹನ್ನೊಂದೂವರೆಗೆ ನಾನೂ ಸೊಸೆಯೂ ಕೇಂದ್ರದ ಬಾಗಿಲಲ್ಲಿದ್ದೆವು. ನನ್ನವಳನ್ನು ಕೊನೆಯ ಸಲ ಕರೆತಂದ ಮೇಲೆ ನಾನು ಆ ಮೆಟ್ಟಿಲು ಹತ್ತಿರಲಿಲ್ಲ. ಒಳಗಿನ ಔಷಧದ ವಾಸನೆ ಬಂದು ತಾಗಿತು. ಯಂತ್ರಗಳ ಗುಂಯ್ ಎನ್ನುವ ಸದ್ದು, ತೂಕದ ಯಂತ್ರ ಹತ್ತಿ ಇಳಿಯುವವರ ಸದ್ದು. ಕಾಲು ಮುಂದಕ್ಕೆ ಬರಲಿಲ್ಲ. ದೇವರೇ ಎಂದೆ. ಅದಕ್ಕಿಂತ ಹೆಚ್ಚಿಗೆ ಏನೂ ತೋಚಲಿಲ್ಲ.

“ಯಾರು, ಬೈಂಡರ್ ತಾತನಾ?” ಹಿರಿಯ ಸಿಸ್ಟರು ಒಳಗಿನಿಂದಲೇ ಕಂಡು ಕರೆದಳು. “ಅಲ್ಲೇ ಯಾಕೆ ನಿಂತ್ರಿ? ಚಪ್ಪಲಿ ಬಿಟ್ಟು ಬನ್ನಿ. ನಿಮಗೂ ಹೊಸದಾಗಿ ಹೇಳ್ಬೇಕಾ?”

ಬೈಸಿಕೊಂಡು ಅಭ್ಯಾಸವಿದ್ದ ಕಾಲುಗಳು ಒಳಗೆ ನಡೆದವು.

ಮುಖ್ಯ ಡಾಕ್ಟರು ಮಾತು ಕಡಿಮೆಯವರು. “ಕಿಂಡಿ ಎಂದಿನ ಹಾಗೇ ತೆರೆಯಲಿ. ಒಬ್ಬರಿಗೆ ಫೋನಿನಲ್ಲಿ ತಗೊಳ್ಳಿ. ನಾನು ನೋಡ್ತೀನಿ,” ಎಂದು ಗೋಡೆಗೆ ಒರಗಿ ನಿಂತರು. ಕಿಂಡಿಯ ಗುಮಾಸ್ತನ ಕಂಪ್ಯೂಟರಿಗೆ ಸೊಸೆ ಪುಟವನ್ನು ಮೊದಲೇ ಜೋಡಿಸಿದ್ದಳು. ಹಜಾರದಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತಿದ್ದದ್ದು ಕಿಟಕಿಯ ಪಕ್ಕದ ಮೂರನೆಯ ಮಂಚದ ಬಳಿ ಮಾತ್ರ. ನನ್ನವಳು ಹೆಚ್ಚಾಗಿ ಮಲಗುತ್ತಿದ್ದದ್ದೂ ಅಲ್ಲೇ. ಈಗ ಅಲ್ಲಿ ಶಾಲೆ ಮಕ್ಕಳ ವ್ಯಾನು ಓಡಿಸುವವನೊಬ್ಬ ಮಲಗಿದ್ದ. ಜೊತೆಗೆ ಅವನ ಅಕ್ಕ.

ಸೊಸೆ ವಿಷಯ ಹೇಳಿದಳು. ಅಕ್ಕನಿಗೆ ನಂಬಿಕೆ ಬರಲಿಲ್ಲ.

“ಗಾಜು ಒತ್ತಿಕೊಂಡು ಕೂತು ಪಾಳಿ ತಪ್ಪಿದ್ರೆ ನೀನು ಕೊಡ್ತೀಯೇನಮ್ಮ? ನಾನು ಸಾಲಿಗೇ ಹೋಗೋಳು.”

“ಹಾಗಾದ್ರೆ ಒತ್ತೋರು ಯಾರು ಅಕ್ಕಾ?” ಎಂದ ತಮ್ಮ.

“ದಿನಾ ಒತ್ತೋದೂ ನಾನೇ, ಓಡೋದೂ ನಾನೇ. ನಿನಗೆ ಮಲಗೋದೊಂದೇ ಕೆಲಸ.”

“ನಾನು ಒತ್ತುತೀನಿ,” ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಸಿಸ್ಟರು ಕೈಗವಸು ತಂದು ನನ್ನ ಬಲಗೈಗೆ ಹಾಕುತ್ತಾ, “ಬಿಡಿ ಅವರ ಹತ್ರ. ಈ ಹಾಲ್‌ನಲ್ಲಿ ಅವರಿಗಿಂತ ಚೆನ್ನಾಗಿ ಒತ್ತೋರಿಲ್ಲ,” ಎಂದಳು. ಆ ಒಂದು ದಿನವನ್ನು ಅವಳೂ ಕಂಡವಳು. ಕಂಡೂ ಹಾಗೆಂದಳು. ಅವಳ ಋಣ ನನ್ನ ಮೇಲಿದೆ.

ಹನ್ನೆರಡಾಯಿತು. ಸೂಜಿ ಹೊರಗೆ ಬಂತು. ಹತ್ತಿಬಟ್ಟೆಯ ಮೇಲೆ ಹೆಬ್ಬೆರಳಿಟ್ಟೆ. ದಾರ ಎಳೆದು ಗಟ್ಟಿಯಾದ ಆ ಬೆರಳಿಗೆ ಎಷ್ಟು ಒತ್ತಬೇಕೆಂಬ ಲೆಕ್ಕ ಮರೆತಿರಲಿಲ್ಲ. ಚರ್ಮದ ಕೆಳಗೆ ರಕ್ತ ಜುಮುಜುಮು ಎಂದು ಹರಿಯುವುದು ತಾಗಿತು. ಅಕ್ಕ ಕಿಂಡಿಯ ಕಡೆಗೆ ಆಗಲೇ ಅರ್ಧ ದಾರಿ ಓಡಿದ್ದಳು. ಅವಳ ಮುಂದೆ ಎಂಟು ಜನ.

ಸೊಸೆ ವ್ಯಾನಿನವನ ಹೆಸರು, ನಂಬರು ಮೊದಲೇ ಬರೆದಿಟ್ಟಿದ್ದ ಫೋನನ್ನು ನನ್ನ ಎಡಗೈಗೆ ಕೊಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. ಹೇಳಿಕೊಡುವ ಹಾಗಿರಲಿಲ್ಲ. ವಾರ ಯಾವುದು ಎಂದು ಪುಟ ಕೇಳಿತು. ಸೋಮವಾರ. ಪಾಳಿ ಯಾವುದು. ಬೆಳಗಿನದು. ಆಮೇಲೆ ಒಂದು ಚಕ್ರ ಸುತ್ತತೊಡಗಿತು. ಸುತ್ತಿತು, ಸುತ್ತಿತು. ಸಿಗ್ನಲ್ಲಿನ ಒಂದೇ ಗೆರೆ ಬಂದು ಹೋಗಿ ಮಾಡುತ್ತಿತ್ತು. ಡಾಕ್ಟರು ಕೈಗಡಿಯಾರ ನೋಡಿದರು. ಸೊಸೆಯ ಮುಖ ನೋಡುವ ಆಸೆಯಾಯಿತು, ನೋಡಲಿಲ್ಲ. ಹೆಬ್ಬೆರಳಿನ ಕೆಳಗಿನ ಬಿಳಿ ಬಟ್ಟೆಯನ್ನೇ ನೋಡಿದೆ. ಅದು ಬಿಳಿಯಾಗಿಯೇ ಇತ್ತು. ಪಾಳಿ ಬಂದರೂ ಬಾರದಿದ್ದರೂ ಈ ಬೆರಳು ಎತ್ತುವುದಿಲ್ಲ ಎಂದುಕೊಂಡೆ.

“ತಾತ, ಏನೋ ಬಂತು ನೋಡಿ,” ಎಂದ ವ್ಯಾನಿನವನು.

ಗಾಜಿನ ಮೇಲೆ ಅವನ ಹೆಸರು, ಸೋಮವಾರ, ಬೆಳಗಿನ ಪಾಳಿ, ಕೆಳಗೆ ದೊಡ್ಡದಾಗಿ ‘ಸರಿ’. ಒತ್ತಿದೆ.

ಕಿಂಡಿಯ ಕಡೆಯಿಂದ ಗುಮಾಸ್ತನ ದನಿ ಕೇಳಿತು. “ಮೂರನೇ ಮಂಚದವರು ಯಾರಮ್ಮ? ಸಾಲಲ್ಲಿ ಯಾಕೆ ನಿಂತಿದ್ದೀರಿ? ನಿಮ್ಮದು ಆಗಲೇ ಬಂದಿದೆ, ಸೋಮವಾರ ಬೆಳಗ್ಗೆ.”

“ನನ್ನ ಮುಂದೆ ಇನ್ನೂ ಆರು ಜನ ಇದಾರಲ್ಲ,” ಎಂದಳು ಅಕ್ಕ.

“ಇದ್ರೆ ಇರಲಿ. ನಿಮ್ಮದು ಮುಗೀತು, ಹೋಗಿ.”

ಡಾಕ್ಟರು ಗೋಡೆ ಬಿಟ್ಟು ಬಂದು ಫೋನನ್ನು ಒಮ್ಮೆ, ನನ್ನ ಬಲಗೈಯನ್ನು ಒಮ್ಮೆ ನೋಡಿದರು. ಸೊಸೆಯ ಕಡೆ ತಿರುಗಿ, “ಮುಂದಿನ ವಾರದಿಂದ ಶುರುಮಾಡಿ. ಫೋನಿಲ್ಲದವರಿಗೆ ಕಿಂಡಿಯೂ ಇರಲಿ,” ಎಂದು ಹೊರಟುಹೋದರು. ಸೊಸೆ ನೋಟುಪುಸ್ತಕವನ್ನು ಎದೆಗವಚಿಕೊಂಡು ನಿಂತಿದ್ದಳು. ಅವಳಂಥವಳನ್ನು ನಮ್ಮ ಮನೆಗೆ ಕೊಟ್ಟ ದೇವರಿಗೆ ನಾನು ಆವರೆಗೆ ಸರಿಯಾಗಿ ಕೈ ಮುಗಿದೇ ಇರಲಿಲ್ಲ ಎನ್ನಿಸಿತು.

ಅಕ್ಕ ಏದುಸಿರು ಬಿಡುತ್ತಾ ಬಂದಳು.

“ಬಿಡಿ, ನಾನು ಒತ್ತುತೀನಿ.”

“ಇನ್ನೂ ಆರು ನಿಮಿಷ ಇದೆ. ನೀವು ಕೂತ್ಕೊಳ್ಳಿ ತಾಯಿ.”

“ಕೂತು ಏನು ಮಾಡ್ಲಿ?”

“ಏನೂ ಮಾಡ್ಬೇಡಿ.”

ಅವಳು ಸ್ಟೂಲು ಎಳೆದುಕೊಂಡು ತಮ್ಮನ ತಲೆಯ ಬಳಿ ಕೂತಳು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಮಡಿಲಲ್ಲಿಟ್ಟುಕೊಂಡಳು, ಒಮ್ಮೆ ಮಂಚದ ಅಂಚಿನ ಮೇಲಿಟ್ಟಳು. ಕೊನೆಗೆ ತಮ್ಮನ ಹಣೆಯ ಬೆವರು ಒರೆಸಿದಳು.

“ಹನ್ನೆರಡು ಗಂಟೆಗೆ ನಾನು ಇಲ್ಲಿ ಕೂತಿದ್ದೇ ಇಲ್ಲ ಕಣೋ,” ಎಂದಳು ಅವನಿಗೆ.

ಅವನು ಕಣ್ಣು ಮುಚ್ಚಿಕೊಂಡೇ ನಕ್ಕ. ನನ್ನ ಹೆಬ್ಬೆರಳಿನ ಕೆಳಗೆ ಅವನ ರಕ್ತ ಒಂದೇ ಸಮನೆ ಹರಿಯುತ್ತಿತ್ತು. ನಾನು ಮನಸ್ಸಿನಲ್ಲೇ ದೇವರಿಗೆ ವಂದಿಸಿ, ಗೋಡೆಯ ಗಡಿಯಾರ ನೋಡುತ್ತಾ ಉಳಿದ ನಿಮಿಷಗಳನ್ನು ಒತ್ತಿ ಹಿಡಿದುಕೊಂಡೇ ಇದ್ದೆ.